ಓದುಗರ ಪ್ರಶ್ನೆ: ಚಿನ್ನದ ಊರಿನವಳಿಗೆ ಬಂದ ಕಾಗದಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಹುಳಿಯ ಒಗ್ಗರಣೆ ವಿಷಯ ಬರೆಯುತ್ತಾ, ಮಾತಿಗೆ ಮಾತು ಬಂದು, ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ ಎಂದಿದ್ದೆ. ಒಗ್ಗರಣೆ ಬಗ್ಗೆ ಒಂದು ಕಾಗದವೂ ಬರಲಿಲ್ಲ. ಕೆಜಿಎಫ್ ಬಗ್ಗೆ ಮೂವತ್ತಕ್ಕೂ ಜಾಸ್ತಿ ಬಂದವು. ಸಿನಿಮಾದಲ್ಲಿ ಬರೋದೆಲ್ಲ ನಿಜವಾ ಎಂದು ಕೇಳಿದವರಿಗೆ: ಅಲ್ಲ. ಮಿಕ್ಕವರಿಗೆ ಉತ್ತರ ಕೆಳಗಿದೆ.

*ಮೇಡಂ, ನಿಮ್ಮ ಮನೆಯಲ್ಲಿ ತುಂಬಾ ಚಿನ್ನ ಇತ್ತಾ? ಗಣಿಯೊಳಗೆ ಚಿನ್ನ ಹೇಗೆ ಕಾಣುತ್ತದೆ?*
— ಒಬ್ಬ ವಿದ್ಯಾರ್ಥಿನಿ, ಹಾಸನ

ಇಲ್ಲಮ್ಮ. ನಮ್ಮಮ್ಮನ ಕೊರಳಲ್ಲಿ ಒಂದೆಳೆ ಸರ, ಎರಡು ತಾಳಿ, ಅಷ್ಟೇ. ಅದನ್ನೂ ಮಾಡಿಸಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ! ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಟೈಮ್ ಆಫೀಸ್ ಗುಮಾಸ್ತರು. ಯಾರು ಯಾವ ಶಿಫ್ಟಿಗೆ ಇಳಿದರು, ಯಾರು ಮೇಲೆ ಬಂದರು ಎಂದು ಬರೆದುಕೊಳ್ಳುವ ಕೆಲಸ. ಮೂವತ್ತೊಂದು ವರ್ಷದಲ್ಲಿ ಅವರು ಚಿನ್ನದ ಗಟ್ಟಿ ನೋಡಿದ್ದು ಒಂದೇ ಸಲ, ಅದೂ ದೂರದಿಂದ.

ಅವರ ಮೇಜಿನ ಮೇಲೆ ಕಾಗದ ಹಾರದಿರಲಿ ಎಂದು ಒಂದು ಕಲ್ಲು ಇಟ್ಟಿದ್ದರು. ಕಪ್ಪು ಬಂಡೆ, ನಡುವೆ ಹೊಗೆ ಬಣ್ಣದ ಬೆಣಚುಕಲ್ಲಿನ ಪಟ್ಟೆ. ನಾನು, ನನ್ನ ತಮ್ಮ ಟಾರ್ಚ್ ಬಿಟ್ಟು, ನೀರು ಹಾಕಿ, ಅಮ್ಮನ ಕಣ್ಣು ತಪ್ಪಿಸಿ ಒರಳುಕಲ್ಲಿಗೆ ಹಾಕಿ ಕುಟ್ಟಿಯೂ ನೋಡಿದೆವು. ಏನೂ ಸಿಗಲಿಲ್ಲ. ಹಲ್ಲಿಗೆ ಮರಳು ಸಿಕ್ಕ ಇಡ್ಲಿ ಮಾತ್ರ ಸಿಕ್ಕಿತು. ಅಮ್ಮನಿಗೆ ಇವತ್ತಿನವರೆಗೂ ಕಾರಣ ಗೊತ್ತಾಗಿಲ್ಲ.

ಚಿನ್ನ ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿರುತ್ತದೆ. ಕಲ್ಲನ್ನು ಹಿಟ್ಟಿನ ಹಾಗೆ ಅರೆಯಬೇಕು. ಒಂದಷ್ಟನ್ನು ಪಾದರಸ ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಸೈನೈಡ್ ನೀರಿನಲ್ಲಿ ಕರಗಿಸಿ ತೆಗೆಯಬೇಕು. ಶುರುವಿನ ವರ್ಷಗಳಲ್ಲಿ ಟನ್ ಕಲ್ಲಿಗೆ 40 ಗ್ರಾಂಗೂ ಮೇಲೆ ಸಿಗುತ್ತಿತ್ತು. ಕೊನೆಕೊನೆಗೆ ಮೂರ್ನಾಲ್ಕು ಗ್ರಾಂ. ಒಂದು ಲಾರಿ ಕಲ್ಲು ಅರೆದರೆ ಒಂದು ಜೊತೆ ಬಳೆ ಅನ್ನಿ. ಗಣಿ ಯಾಕೆ ಮುಚ್ಚಿತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

*ಅಲ್ಲಿ ಚಿನ್ನ ಇದೆ ಅಂತ ಮೊದಲು ಕಂಡುಹಿಡಿದ ಬ್ರಿಟಿಷರು ಯಾರು?*
— ಒಬ್ಬ ಓದುಗರು, ತುಮಕೂರು

ಬ್ರಿಟಿಷರು ಕಂಡುಹಿಡಿದರು ಅನ್ನೋದೇ ಸ್ವಲ್ಪ ತಮಾಷೆ. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಸರ್ವೆಗೆ ಬಂದಾಗ ಈ ಕಡೆಯ ಮಣ್ಣಿನಲ್ಲಿ ಚಿನ್ನ ಇದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಊರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರೇ ತೊಳೆದು ಕಣ ತೆಗೆದು ತೋರಿಸಿದರು. ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ? ಮಾರಿಕುಪ್ಪಂ ಹತ್ತಿರ ಹಳೇ ಕಾಲದ ಗುಂಡಿಗಳೂ ಇದ್ದವು.

ಎಪ್ಪತ್ತು ವರ್ಷ ಕಳೆದ ಮೇಲೆ ವಾರನ್ ಬರೆದದ್ದನ್ನು ಓದಿದವನು ಲವೆಲ್. ಐರ್ಲೆಂಡಿನವನು, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದ್ದ. ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿಯ ಹಕ್ಕು ತಗೊಂಡ. ಕೈಯಲ್ಲಿ ದುಡ್ಡಿಲ್ಲದೆ ಬೇರೆಯವರಿಗೆ ಬಿಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆಯೇ ಕೆಲಸ ಕುದುರಿದ್ದು. ಬೆಂಗಳೂರಿನ ಲವೆಲ್ ರಸ್ತೆಯಲ್ಲಿ ಕಾಫಿ ಕುಡಿಯುವವರಿಗೆ ಈಗ ಹೆಸರು ಎಲ್ಲಿಂದ ಬಂತು ಗೊತ್ತಾಯಿತಲ್ಲ.

*ಬೆಂಗಳೂರಿಗಿಂತ ಮುಂಚೆ ಕೆಜಿಎಫ್‌ಗೆ ಕರೆಂಟ್ ಬಂತು ಅಂತಾರೆ ನಮ್ಮ ಭಾವ. ನಾನು ಒಪ್ಪಿಲ್ಲ. ನೂರು ರೂಪಾಯಿ ಪಂದ್ಯ.*
— ಒಬ್ಬ ಓದುಗರು, ಬಳ್ಳಾರಿ

ನೂರು ರೂಪಾಯಿ ಕೊಟ್ಟುಬಿಡಿ. ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟ್ ಬಂದದ್ದು 1902ರಲ್ಲಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆದರೆ ಭಾವನವರಿಗೆ ಇದನ್ನೂ ಹೇಳಿ: ಕರೆಂಟ್ ಬಂದದ್ದು ಯಂತ್ರಗಳಿಗೆ, ಆಮೇಲೆ ಬಂಗಲೆಗಳಿಗೆ. ಗಣಿಗೆ ಇಳಿಯುವವರ ಲೈನ್ ಮನೆಗಳಿಗಲ್ಲ. ನನ್ನ ಗೆಳತಿಯ ಬಿದಿರು ತಟ್ಟಿಯ ಮನೆಯಲ್ಲಿ ನಾವಿಬ್ಬರೂ ಮಗ್ಗಿ ಬಾಯಿಪಾಠ ಮಾಡಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ.

*ಮೇಡಂ, ಕೆಜಿಎಫ್‌ಗೆ ಹೋಗಿದ್ದೆ. ಎಲ್ಲಿ ನೋಡಿದರೂ ತಮಿಳು. ಕರ್ನಾಟಕದ ಊರಲ್ಲಿ ಹೀಗಾದರೆ ಹೇಗೆ?*
— ಒಬ್ಬ ಓದುಗರು, ಧಾರವಾಡ

ನೀವು ಬೇಜಾರು ಮಾಡಿಕೊಂಡು ಬರೆದಿದ್ದೀರಿ. ನಾನು ಬೇಜಾರಿಲ್ಲದೆ ಉತ್ತರ ಕೊಡ್ತೀನಿ.

ಭೂಮಿಯೊಳಗೆ ಇಳಿಯಲು ಸುತ್ತಮುತ್ತಲ ರೈತರು ಅಷ್ಟಾಗಿ ಒಪ್ಪಲಿಲ್ಲ. ಕಂಪನಿಯ ಮೇಸ್ತ್ರಿಗಳು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಜನ ಕರೆತಂದರು. ಬಂದವರಲ್ಲಿ ಬಹಳ ಮಂದಿ ದಲಿತರು. ಊರಿನ ಜಮೀನ್ದಾರನ ಗದ್ದೆಗಿಂತ ಈ ಬಿಸಿ ಗುಂಡಿಯೇ ವಾಸಿ ಅನ್ನಿಸಿರಬೇಕು, ಕೈಗೆ ಕೂಲಿಯ ಕಾಸು ಬರುತ್ತಿತ್ತು. ಅವರ ಮುತ್ತಾತ ಶಾಫ್ಟಿಗೆ ಇಳಿದಾಗ ನಮ್ಮ ತಾತ ಮುಳಬಾಗಿಲಲ್ಲಿ ರಾಗಿ ಬೆಳೆಯುತ್ತಿದ್ದರು. ಹೊರಗಿನವರು ಯಾರು, ನೀವೇ ಹೇಳಿ.

ಸುಮ್ನೆ ಇದ್ದ ಜನವೂ ಅಲ್ಲ. 1930ರಲ್ಲಿ ಕಂಪನಿಯವರು ಬೆರಳಿನ ಗುರುತು ಕೊಡಿ ಎಂದಾಗ, ನಾವೇನು ಕಳ್ಳರಾ ಎಂದು ಮೂರು ವಾರ ಕೆಲಸ ನಿಲ್ಲಿಸಿದರು. ದಲಿತರನ್ನು ಬೌದ್ಧ ಧರ್ಮಕ್ಕೆ ಕರೆದ ತಮಿಳು ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು, ಇಷ್ಟೂ ಜನ ಒಂದೇ ಊರಲ್ಲಿ. ನಮ್ಮ ಮನೆಯೊಳಗೆ ಕನ್ನಡ, ಅಜ್ಜಿಯ ಹತ್ತಿರ ತೆಲುಗು, ಬೀದಿಗಿಳಿದರೆ ತಮಿಳು. ಕ್ರಿಸ್‌ಮಸ್ ದಿನ ಪಕ್ಕದ ಕ್ವಾರ್ಟರ್ಸ್‌ನಿಂದ ಬರುವ ಕೇಕಿಗೆ ಮೊಟ್ಟೆ ಹಾಕಿಲ್ಲ ಎಂದು ಅವರೂ ಹೇಳುತ್ತಿದ್ದರು, ಅಮ್ಮನೂ ನಂಬಿದ ಹಾಗೆ ಮಾಡುತ್ತಿದ್ದರು.

*ನಿಮ್ಮೂರಲ್ಲಿ ಆಗಾಗ ಭೂಮಿ ನಡುಗುತ್ತಿತ್ತಂತೆ?*
— ಒಬ್ಬ ನಿವೃತ್ತ ಶಿಕ್ಷಕರು, ಶಿರಸಿ

ಹೌದು ಸರ್. ಏರ್ ಬ್ಲಾಸ್ಟ್ ಅಂತಿದ್ದೆವು. ಆಳದಲ್ಲಿ ಬಂಡೆಯ ಮೇಲೆ ಭಾರ ಜಾಸ್ತಿಯಾಗಿ, ಟೊಳ್ಳು ಮಾಡಿದ ಕಡೆ ಅದು ಸಿಡಿದುಬಿಡುತ್ತದೆ. ರಾತ್ರಿ ಮಲಗಿದ್ದಾಗ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಗಲಗಲ ಅನ್ನುವವು. ಅಮ್ಮ ಎದ್ದು ಗೋಡೆ ಬಿರುಕು ಬಿಟ್ಟಿತಾ ಎಂದು ನೋಡುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಕೆಳಗೆ ಯಾವ ಶಿಫ್ಟ್, ಗೊತ್ತಿರುವವರು ಯಾರ್ಯಾರು ಇಳಿದಿದ್ದಾರೆ ಎಂಬ ಲೆಕ್ಕ. ಅಪ್ಪ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಡುವವರು, ಯಾರೂ ಕರೆಯದಿದ್ದರೂ. ಮೇಲೆ ಬಂದವರ ಹೆಸರಿನ ಮುಂದೆ ಗುರುತು ಹಾಕಬೇಕಲ್ಲ. ಬೆಳಿಗ್ಗೆ ವಾಪಸ್ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಅಮ್ಮನಿಗೆ ತಿಳಿಯುತ್ತಿತ್ತು. ಒಂದು ಸಲ ಅವರು ಚಪ್ಪಲಿ ಬಿಡದೆ ಮೆಟ್ಟಿಲ ಮೇಲೇ ಕೂತರು. ಆವತ್ತು ನಮ್ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ತಳದ ಬಂಡೆ 60 ಡಿಗ್ರಿಗೂ ಮೇಲೆ ಸುಡುತ್ತಿತ್ತು, ಮೇಲಿನಿಂದ ತಣ್ಣನೆ ಗಾಳಿ ಕಳಿಸಬೇಕಿತ್ತು. ನೀವು ಮೇಷ್ಟ್ರಾದ್ದರಿಂದ ಇನ್ನೊಂದು ವಿಷಯ: ಇಂಥ ಆಳದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ಬಂಡೆಯನ್ನೂ ತೂರಿ ಹೋಗುವ ಅತಿ ಸಣ್ಣ ಕಣಗಳನ್ನು, ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿದವು. ಬೇರೆ ಕಣಗಳನ್ನೆಲ್ಲ ತಡೆಯೋಕೆ ಮೇಲೆ ಅಷ್ಟು ಬಂಡೆ ಬೇಕಿತ್ತು. ಆಗ ನನಗೆ ಹನ್ನೊಂದು ವರ್ಷ, ಜಪಾನಿನವರು ಬಂದಿದ್ದಾರೆ ಎಂದಷ್ಟೇ ಗೊತ್ತು.

*ಈಗ ಅಲ್ಲಿ ಏನಿದೆ? ನೋಡಲು ಹೋಗಬಹುದಾ?*
— ಒಬ್ಬ ಗೃಹಿಣಿ, ಶಿವಮೊಗ್ಗ

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸುಮಾರು 120 ವರ್ಷದಲ್ಲಿ 800 ಟನ್ನಿಗೂ ಮೇಲೆ ಚಿನ್ನ ಹೊರಗೆ ಹೋಗಿದೆ. ಈಗ ಕೆಳಗೆಲ್ಲ ನೀರು ತುಂಬಿದೆ. ಹೋಗಿ, ಆದರೆ ರೈಲಿನಲ್ಲಿ ಹೋಗಿ. ಬಂಗಾರಪೇಟೆಯಿಂದ ಕವಲೊಡೆದು ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬೆಳಿಗ್ಗೆ ಇದೇ ರೈಲು ತುಂಬಿಕೊಂಡು ಬೆಂಗಳೂರಿಗೆ ಬರುತ್ತದೆ. ಗಣಿಯವರ ಮಕ್ಕಳು, ಮೊಮ್ಮಕ್ಕಳು ಕತ್ತಲಲ್ಲಿ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುತ್ತಾರೆ.

ಊರಿನ ತುಂಬಾ ಬೂದು ಬಣ್ಣದ ಚಪ್ಪಟೆ ಗುಡ್ಡಗಳು ಕಾಣುತ್ತವೆ. ಅವು ದೇವರು ಮಾಡಿದ ಗುಡ್ಡಗಳಲ್ಲ, ಅರೆದು ಚಿನ್ನ ತೆಗೆದು ಬಿಸಾಕಿದ ಪುಡಿ. ಸೈನೈಡ್ ಗುಡ್ಡ ಅಂತಾರೆ. ಫೋಟೋಗೆ ಚೆನ್ನಾಗಿ ಕಾಣುತ್ತವೆ ಎಂದು ಹತ್ತಬೇಡಿ. ಆಷಾಢದ ಗಾಳಿಯಲ್ಲಂತೂ ಆ ಕಡೆ ಹೋಗಲೇಬೇಡಿ. ಆ ತಿಂಗಳು ನಮ್ಮಮ್ಮ ಅನ್ನದ ಪಾತ್ರೆಗೆ ಎರಡು ತಟ್ಟೆ ಮುಚ್ಚುತ್ತಿದ್ದರು, ಆದರೂ ಮೊದಲ ತುತ್ತು ಕರಕರ ಅನ್ನುತ್ತಿತ್ತು.