ರೋಹನ್ ಬೋಪಣ್ಣ ಅವರನ್ನು ದೊಡ್ಡ ಆಟಗಾರ ಎನ್ನಬಹುದೇ?

ಟೆನಿಸ್ ಸಿಂಗಲ್ಸ್‌ನ ವಿಶ್ವ ಶ್ರೇಯಾಂಕದಲ್ಲಿ 213ನೇ ಸ್ಥಾನಕ್ಕಿಂತ ಮೇಲೇರದ ಬೋಪಣ್ಣ ಅವರನ್ನು ಇಷ್ಟೊಂದು ಹೊಗಳುವುದೇಕೆ, ಡಬಲ್ಸ್ ಎಂದರೆ ಅರ್ಧ ಆಟವಲ್ಲವೇ ಎಂದು ಕೇಳಿದ್ದೀರಿ. ಬೆಳಗಾವಿಯ ಮಣ್ಣಿನ ಕೋರ್ಟೊಂದರಲ್ಲಿ, ಮಳೆಗಾಲ ಬಿಟ್ಟು, ಇಪ್ಪತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಡಬಲ್ಸ್ ಆಡುತ್ತಿದ್ದೇನೆ. ಅರ್ಧ ಆಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಜೊತೆಗಾರ ಹಿಂದಿನಿಂದ ಸರ್ವ್ ಮಾಡುವಾಗ ನೆಟ್ ಬಳಿ ಒಮ್ಮೆ ನಿಂತು ನೋಡಿ. ಬೆನ್ನ ಹಿಂದೆ ಕೈಯಿಟ್ಟು ಸೂಚನೆ ಕೊಡಬೇಕು: ಮುಷ್ಟಿ ಬಿಗಿದರೆ ನಿಂತಲ್ಲೇ ನಿಲ್ಲುತ್ತೇನೆ, ಅಂಗೈ ಬಿಡಿಸಿದರೆ ಅಡ್ಡ ನುಗ್ಗುತ್ತೇನೆ. ಚೆಂಡು ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಅರೆಕ್ಷಣ ತಡವಾದರೂ ಪಾಯಿಂಟ್ ಹೋಯಿತು, ಅದೂ ಇಬ್ಬರದು.

ಸಿಂಗಲ್ಸ್ ಬಾರದೆ ಡಬಲ್ಸ್‌ಗೆ ಬಂದವರು ಎನ್ನುವವರು ದೇಶ ದೇಶಗಳ ನಡುವಿನ ಟೂರ್ನಿಯಾದ ಡೇವಿಸ್ ಕಪ್‌ನ 2010ರ ಚೆನ್ನೈ ಹಣಾಹಣಿಯನ್ನು ನೆನಪಿಸಿಕೊಳ್ಳಲಿ. ಐದು ಪಂದ್ಯಗಳಲ್ಲಿ ಬ್ರೆಜಿಲ್ ವಿರುದ್ಧ ಭಾರತ 0–2ರಿಂದ ಹಿಂದಿತ್ತು. ಡಬಲ್ಸ್ ಗೆದ್ದೆವು, ಸೋಮದೇವ್ ದೇವವರ್ಮನ್ ಸಿಂಗಲ್ಸ್ ಗೆದ್ದು ಸಮ ಮಾಡಿದರು, ಕೊನೆಯ ಸಿಂಗಲ್ಸ್‌ನಲ್ಲಿ ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದವರು ಬೋಪಣ್ಣ.

ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಮೊಣಕಾಲುಗಳ ಕಥೆ. ಮೃದ್ವಸ್ಥಿ ಸವೆದು, ನೋವಿನ ಗುಳಿಗೆ ನುಂಗಿ ಆಡುತ್ತಿದ್ದವರು ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗಕ್ಕೆ ಮೊರೆ ಹೋದರು. ಆ ಯೋಗಪದ್ಧತಿಯನ್ನು ರೂಪಿಸಿದ, ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರನ್ನು 1937ರಲ್ಲಿ ಯೋಗ ಕಲಿಸಲು ಪುಣೆಗೆ ಕರೆಸಿಕೊಂಡ ಡಾ. ವಿ.ಬಿ. ಗೋಖಲೆ ಅದಕ್ಕೂ ಮುನ್ನ ನಮ್ಮ ಬೆಳಗಾವಿಯಲ್ಲೇ ಸಿವಿಲ್ ಸರ್ಜನ್ ಆಗಿದ್ದರು! ಸಿಂಗಲ್ಸ್ ಬಿಡಿ ಎಂದು ವೈದ್ಯರು ನನಗೆ ಹೇಳಿದ ವರ್ಷ ನಾನೂ ಗೋಡೆಗೆ ಹಗ್ಗ ಕಟ್ಟಿ, ಕುರ್ಚಿ ಹಿಡಿದು ಅದೇ ಆಸನಗಳನ್ನು ಕಲಿತೆ. ಮೊದಲ ತಿಂಗಳು ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೋವಿನೊಂದಿಗೆ ಊರೂರು ಸುತ್ತಿ ಆಡುವುದೆಂದರೆ ಏನೆಂದು ಆಗ ಅರ್ಥವಾಯಿತು.

2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್‌ನಲ್ಲಿ ಬೋಪಣ್ಣ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆಗೂಡಿ ಆಡಿ, ಅಮೆರಿಕದ ಬ್ರಯಾನ್ ಸಹೋದರರಿಗೆ ಎರಡು ಟೈಬ್ರೇಕ್‌ಗಳಲ್ಲಿ (ಸೆಟ್ 6–6 ಸಮವಾದಾಗ ಅದನ್ನು ನಿರ್ಧರಿಸುವ ಆಟ) ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಇಂಥ ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿ ಪುರುಷರ ಡಬಲ್ಸ್ ಕಿರೀಟ ಮಾತ್ರ ಆಗಿನ್ನೂ ಕೈಗೆಟುಕಿರಲಿಲ್ಲ. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಆಟ ನಿಲ್ಲಿಸುತ್ತೇನೆಂದು ಪತ್ನಿಗೆ ವಿಡಿಯೊ ಸಂದೇಶ ಕಳಿಸಿದ್ದರಂತೆ. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಟ್ರೋಫಿ ಹಿಡಿದು ನಿಂತಾಗ ಇದನ್ನು ತಾವೇ ಹೇಳಿಕೊಂಡರು. ಅದು ಜನವರಿ 2024, ಅವರಿಗೆ 43 ವರ್ಷ. ಅದೇ ಟೂರ್ನಿ ಅವರನ್ನು ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿಸಿತು. ಆ ವಯಸ್ಸಿನಲ್ಲಿ ಅಲ್ಲಿಗೆ ಏರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ನವೆಂಬರ್ 2025ರಲ್ಲಿ ನಿವೃತ್ತಿ ಘೋಷಿಸಿದರು.

ಬಿಡುವಾದಾಗ ಆ ಮೆಲ್ಬರ್ನ್ ಫೈನಲ್ ನೋಡಿ. ಮೊದಲ ಸೆಟ್ಟಿನ ಟೈಬ್ರೇಕ್‌ನಲ್ಲಿ ಬೋಪಣ್ಣ ಮತ್ತು ಅವರ ಜೊತೆಗಾರ ಮ್ಯಾಥ್ಯೂ ಎಬ್ಡನ್ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ನೆಟ್ ಬಳಿ ನಿಂತವರನ್ನೇ ನೋಡುತ್ತಿರಿ.