ಗಾಲ್ಫ್ ಚೆಂಡು ನೀರಿಗೆ ಬಿದ್ದರೆ ಮುಂದಿನ ಹೊಡೆತ ಎಲ್ಲಿಂದ?

ಮೊದಲು ನೀರಿನ ಜಾಗದ ಅಂಚನ್ನು ಗುರುತಿಸಲು ನೆಟ್ಟ ಗೂಟದ ಬಣ್ಣ ನೋಡಿ. ಹಳದಿಯಾದರೆ ಒಂದು ಪೆನಾಲ್ಟಿ ಹೊಡೆತ ಸೇರಿಸಿಕೊಂಡು ಹಿಂದೆ ಹೊಡೆದ ಜಾಗಕ್ಕೇ ಹೋಗಬಹುದು. ಇಲ್ಲವೇ ಚೆಂಡು ಅಂಚು ದಾಟಿದ ಬಿಂದು ನಿಮಗೂ ಹೋಲ್‌ಗೂ ನಡುವೆ ನೇರವಾಗಿರುವಂತೆ ಎಷ್ಟು ಬೇಕಾದರೂ ಹಿಂದೆ ಸರಿದು ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ನೆಲಕ್ಕೆ ಬಿಡಬಹುದು. ಕೆಂಪಾದರೆ ಅದೇ ದಂಡಕ್ಕೆ ಇನ್ನೊಂದು ದಾರಿಯಿದೆ: ಆ ಬಿಂದುವಿನಿಂದ ಎರಡು ಕ್ಲಬ್ (ಹೊಡೆಯುವ ಕೋಲು) ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ. ಉದ್ದನೆಯ ಕ್ಲಬ್ಬಾದ ಡ್ರೈವರ್‌ನಿಂದಲೇ ಅಳೆಯಿರಿ, ಜಾಗ ಹೆಚ್ಚು ಸಿಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ನೀರು ಚಿಮ್ಮಿದ ಜಾಗಕ್ಕೆ ಬೆಲೆಯಿಲ್ಲ. ಚೆಂಡು ಕೊನೆಯ ಸಲ ಅಂಚು ದಾಟಿದ್ದು ಎಲ್ಲಿ ಎಂಬುದಷ್ಟೇ ಲೆಕ್ಕ. ಡ್ರಾಪ್ ಮಾಡುವಾಗ ಚೆಂಡನ್ನು ಮೊಣಕಾಲೆತ್ತರದಿಂದ ಬಿಡಿ, ಭುಜದೆತ್ತರದ ನಿಯಮ 2019ರಲ್ಲೇ ಹೋಯಿತು.

ಚೆಂಡು ಅರ್ಧ ಹೊರಗೆ ಕಾಣುತ್ತಿದ್ದರೆ ದಂಡವಿಲ್ಲದೆ ಇದ್ದಲ್ಲಿಂದಲೇ ಹೊಡೆಯಬಹುದು. ಪೂರ್ತಿ ಮುಳುಗಿದ್ದರೆ ಆಸೆ ಬಿಡಿ, ನೀರು ಕ್ಲಬ್ಬಿನ ವೇಗವನ್ನೇ ತಿಂದುಬಿಡುತ್ತದೆ.