ಓಡುತ್ತಿರುವ ಪ್ರೋಗ್ರಾಂ ಬಳಸುವ ಮೆಮೊರಿ ಎಷ್ಟು?

ಪ್ರಶ್ನೆ: ಲಿನಕ್ಸ್‌ನಲ್ಲಿ ನಾನು ಬರೆದಿರುವ ಸಿ ಪ್ರೋಗ್ರಾಂ ಆರಂಭದಲ್ಲೇ ‘ಮ್ಯಾಲಕ್’ ಮೂಲಕ 1 ಜಿಬಿ ಮೆಮೊರಿ ಕೇಳುತ್ತದೆ. ಅದು ಓಡುವಾಗ ‘ಟಾಪ್’ ಆದೇಶ ಕೊಟ್ಟು ನೋಡಿದರೆ ‘ವರ್ಟ್’ ಕಾಲಮ್ಮಿನಲ್ಲಿ 1 ಜಿಬಿಗೂ ಹೆಚ್ಚು, ‘ರೆಸ್’ ಕಾಲಮ್ಮಿನಲ್ಲಿ ಕೇವಲ 12 ಎಂಬಿ ಕಾಣುತ್ತದೆ. ಯಾವುದನ್ನು ನಂಬಬೇಕು? ಎಲ್ಲ ಪ್ರೋಗ್ರಾಂಗಳ ರೆಸ್ ಕೂಡಿಸಿದರೆ ನಿಜವಾದ ಒಟ್ಟು ಬಳಕೆಗಿಂತ ಹೆಚ್ಚು ಬರುವುದೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ನಿಜವೇ, ಆದರೆ ಅವು ಅಳೆಯುವ ವಸ್ತು ಬೇರೆ ಬೇರೆ. ವರ್ಟ್ ಎಂಬುದು ಪ್ರೋಗ್ರಾಂ ತನಗಾಗಿ ಗುರುತಿಸಿಕೊಂಡಿರುವ ವಿಳಾಸಗಳ ಒಟ್ಟು ವಿಸ್ತಾರ. ನೀವು 1 ಜಿಬಿ ಕೇಳಿದಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ವಿಳಾಸಗಳನ್ನಷ್ಟೇ ಕೊಟ್ಟು ಸುಮ್ಮನಾಗುತ್ತದೆ. ಒಂದು ಪುಟಕ್ಕೆ, ಅಂದರೆ ಸಾಮಾನ್ಯ ಪಿಸಿಗಳಲ್ಲಿ 4,096 ಬೈಟುಗಳ ತುಣುಕಿಗೆ, ನೀವು ಮೊದಲ ಬಾರಿ ಏನನ್ನಾದರೂ ಬರೆದಾಗಲೇ ಅದಕ್ಕೆ ರ‍್ಯಾಮ್‌ನಲ್ಲಿ ಜಾಗ ದೊರೆಯುತ್ತದೆ. ಸಾವಿರ ಎಲೆಯ ಊಟಕ್ಕೆ ಹೇಳಿಟ್ಟು, ಪಂಕ್ತಿಗೆ ಕುಳಿತವರಿಗೆ ಮಾತ್ರ ಎಲೆ ಹಾಕುವಂತಹ ವ್ಯವಸ್ಥೆ ಇದು. ಆ ಕ್ಷಣದಲ್ಲಿ ರ‍್ಯಾಮ್‌ನಲ್ಲಿ ಇರುವಷ್ಟನ್ನು ರೆಸ್ ಹೇಳುತ್ತದೆ. ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋದ ಪುಟಗಳು ಅದರಲ್ಲಿ ಸೇರುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯದ್ದು. ಸಿ ಲೈಬ್ರರಿಯಂತಹವುಗಳ ಒಂದೇ ಪ್ರತಿ ರ‍್ಯಾಮ್‌ನಲ್ಲಿದ್ದು, ಅದನ್ನು ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ರೆಸ್ ಮಾತ್ರ ಅದನ್ನು ಪ್ರತಿಯೊಂದರ ಲೆಕ್ಕಕ್ಕೂ ಪೂರ್ತಿಯಾಗಿ ಬರೆಯುತ್ತದೆ. ಕೂಡಿಸಿದಾಗ ಮೊತ್ತ ಉಬ್ಬುವುದು ಇದರಿಂದಲೇ. ಈ ದೋಷವಿಲ್ಲದ ಅಳತೆಯೇ ‘ಪಿಎಸ್‌ಎಸ್’: 20 ಎಂಬಿ ಭಾಗವೊಂದನ್ನು 10 ಪ್ರೋಗ್ರಾಂಗಳು ಹಂಚಿಕೊಂಡಿದ್ದರೆ, ಇದು ಪ್ರತಿಯೊಂದಕ್ಕೂ 2 ಎಂಬಿಯನ್ನಷ್ಟೇ ಹಾಕುತ್ತದೆ. ‘ಪ್ರಾಕ್’ ಕೋಶದಲ್ಲಿ ನಿಮ್ಮ ಪ್ರೋಗ್ರಾಂನ ಪ್ರಕ್ರಿಯೆ ಸಂಖ್ಯೆಯ ಹೆಸರಿನ ಒಳಕೋಶವಿರುತ್ತದೆ; ಅಲ್ಲಿನ ‘ಎಸ್‌ಮ್ಯಾಪ್ಸ್ ರೋಲಪ್’ ಕಡತವನ್ನು ತೆರೆದರೆ ಪಿಎಸ್‌ಎಸ್ ಮೊತ್ತ ಸಿದ್ಧವಾಗಿಯೇ ಸಿಗುತ್ತದೆ. ಪ್ರೋಗ್ರಾಂ ನಿಲ್ಲಿಸಿದರೆ ಎಷ್ಟು ರ‍್ಯಾಮ್ ಬಿಡುಗಡೆಯಾದೀತು ಎಂದು ತಿಳಿಯಬೇಕಾದರೆ, ಅದೇ ಕಡತದಲ್ಲಿ ‘ಪ್ರೈವೇಟ್’ ಎಂದು ಆರಂಭವಾಗುವ ಸಾಲುಗಳಲ್ಲಿನ ಕ್ಲೀನ್ ಮತ್ತು ಡರ್ಟಿ ಅಂಕಿಗಳನ್ನು ಕೂಡಿಸಿರಿ.

ಪ್ರೋಗ್ರಾಂ ಬೇಗ ಮುಗಿದುಹೋಗುವಂತಹದಾದರೆ ಟಾಪ್ ನೋಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ‘ಟೈಮ್’ ಆದೇಶಕ್ಕೆ ‘ಹೈಫನ್ ವಿ’ ಆಯ್ಕೆ ಕೊಟ್ಟು ಅದರ ಮೂಲಕ ಪ್ರೋಗ್ರಾಂ ಓಡಿಸಿದರೆ, ಒಟ್ಟು ಓಟದಲ್ಲಿ ತಲುಪಿದ ಗರಿಷ್ಠ ರೆಸ್ ಕೊನೆಯಲ್ಲಿ ಕಿಲೋಬೈಟುಗಳಲ್ಲಿ ಬರುತ್ತದೆ. ನೀವು ಕೊಡುವ ಆದೇಶಗಳನ್ನು ಓದಿ ನಡೆಸುವ ಬ್ಯಾಷ್ ಶೆಲ್‌ನೊಳಗೇ ಇದೇ ಹೆಸರಿನ ಇನ್ನೊಂದು ಸೌಲಭ್ಯವಿದ್ದು, ಅದಕ್ಕೆ ಈ ಆಯ್ಕೆ ತಿಳಿಯದು. ಆದ್ದರಿಂದ ಆದೇಶವನ್ನು ‘ಯುಎಸ್‌ಆರ್’, ‘ಬಿನ್’ ಎಂಬ ಪೂರ್ಣ ದಾರಿಯೊಡನೆ ಬರೆಯಬೇಕು. ಎಷ್ಟೋ ಜನ ಎಡವುವುದು ಇಲ್ಲಿಯೇ.

ಇನ್ನೊಂದು ಮಾತು. ‘ಫ್ರೀ’ ಕರೆದು ಮೆಮೊರಿ ಬಿಟ್ಟುಕೊಟ್ಟ ಮೇಲೂ ರೆಸ್ ಇಳಿಯದಿದ್ದರೆ ಅದು ಸೋರಿಕೆಯೇ (ಬಳಸಿ ಮುಗಿದ ಮೆಮೊರಿಯನ್ನು ಬಿಟ್ಟುಕೊಡಲು ಪ್ರೋಗ್ರಾಂ ಮರೆಯುವ ದೋಷವೇ) ಎಂದು ತಿಳಿಯಬೇಡಿ. ಸಣ್ಣ ಸಣ್ಣ ತುಣುಕುಗಳನ್ನು ಸಿ ಲೈಬ್ರರಿ ಕರ್ನಲ್‌ಗೆ ಹಿಂದಿರುಗಿಸದೆ, ಮುಂದಿನ ಮ್ಯಾಲಕ್‌ಗೆ ಬೇಕಾದೀತೆಂದು ತನ್ನಲ್ಲೇ ಇಟ್ಟುಕೊಳ್ಳುವುದುಂಟು. ಒಂದೇ ಕೆಲಸವನ್ನು ಹತ್ತಾರು ಬಾರಿ ಮಾಡಿಸಿದಾಗ ರೆಸ್ ಒಂದು ಮಟ್ಟದಲ್ಲಿ ನಿಲ್ಲದೆ ಪ್ರತಿ ಬಾರಿಯೂ ಏರುತ್ತಲೇ ಹೋದರೆ, ಆಗ ಸೋರಿಕೆ ಪತ್ತೆಹಚ್ಚುವ ‘ವಾಲ್‌ಗ್ರೈಂಡ್’ ಸಾಧನ ಹಾಕಿ ಪರೀಕ್ಷಿಸಿರಿ.